ಏಳು ಫೋನಿನ ಬ್ಯಾಗು

ಇತಿಹಾಸದ ಮೇಷ್ಟ್ರು ಬೋರ್ಡಿನ ಮೇಲೆ ನಾಲ್ಕು ಅಂಕಿ ಬರೆದು, ಬೆರಳಿಗಂಟಿದ ಸೀಮೆಸುಣ್ಣ ಊದಿ, ಗಡಿಯಾರ ನೋಡಿಕೊಂಡರು. ಇನ್ನು ಎರಡು ನಿಮಿಷ. ಮೂರನೇ ಬೆಂಚಿನಲ್ಲಿ ಗೋಡೆಗೆ ಒತ್ತಿಕೊಂಡು ಕೂತಿದ್ದ ಹುಡುಗಿ ಬ್ಯಾಗಿನ ಜಿಪ್ಪನ್ನು ಮೊದಲೇ ಅರ್ಧ ಎಳೆದಿಟ್ಟಿದ್ದಳು. ಮೂಲೆ ಒಡೆದ ಫೋನು ಮೊದಲು. ಏಳು, ಮೂರು, ಸೊನ್ನೆ, ನಾಲ್ಕು. ಹಸಿರು ಗುರುತು ಬಂತು. ಬೆಕ್ಕಿನ ಚಿತ್ರದ ಕವಚ ಇದ್ದದ್ದು ಎರಡನೆಯದು. ಮೂರನೆಯದರಲ್ಲಿ ಸೊನ್ನೆ ಒತ್ತಿದರೆ ಒಮ್ಮೊಮ್ಮೆ ಹತ್ತುವುದಿಲ್ಲ, ಉಗುರಿನ ತುದಿಯಿಂದ ಒತ್ತಬೇಕು. ನಾಲ್ಕನೆಯದು ಬೆಳಿಗ್ಗೆಯಿಂದಲೇ ಚಾರ್ಜಿಗೆ ಅಳುತ್ತಿತ್ತು. ತಲೆ ಬಗ್ಗಿಸದೆ, ಕಣ್ಣನ್ನು ಬೋರ್ಡಿನ ಮೇಲೆಯೇ ಇಟ್ಟು, ಬಟಾಣಿ ಸುಲಿಯುವವಳ ಹಾಗೆ ಒಂದೊಂದನ್ನೇ ಮುಗಿಸಿ ಪಕ್ಕಕ್ಕೆ ಸರಿಸುತ್ತಾ ಏಳನೆಯದಕ್ಕೆ ಬಂದಾಗ ಇನ್ನೂ ಇಪ್ಪತ್ತು ಸೆಕೆಂಡು ಮಿಕ್ಕಿತ್ತು. ಕೊನೆಗೆ ತನ್ನ ಫೋನು.

ಮೇಷ್ಟ್ರು ಕೈಯಲ್ಲಿದ್ದ ಪರದೆ ನೋಡಿದರು. ಆಮೇಲೆ ತರಗತಿಯನ್ನು ನೋಡಿದರು.

"ಇದರಲ್ಲಿ ಮೂವತ್ತು ಜನ ಇದ್ದೀರಂತೆ. ನನ್ನ ಕಣ್ಣಿಗೆ ಇಪ್ಪತ್ತಮೂರು ತಲೆ ಕಾಣ್ತಿದೆ. ಪಾಪ, ಕೆಲವರು ದೇಹ ಹೊರಗೆ ಬಿಟ್ಟು ಆತ್ಮ ಮಾತ್ರ ಕಳಿಸಿರ್ತಾರೆ. ಇತಿಹಾಸಕ್ಕೆ ಆತ್ಮ ಬಂದ್ರೂ ಸಾಕು."

ಎಲ್ಲರೂ ನಕ್ಕರು. ಮೇಷ್ಟ್ರ ನಿವೃತ್ತಿಗೆ ಇನ್ನು ಒಂಬತ್ತು ತಿಂಗಳಿತ್ತು. ಊರ ಉಸಾಬರಿ ಅವರಿಗೆ ಬೇಡವಾಗಿತ್ತು. ಹುಡುಗಿಯೂ ನಕ್ಕಳು. ಅಷ್ಟರಲ್ಲಿ ಬ್ಯಾಗಿನೊಳಗೆ ಬೆಕ್ಕಿನ ಫೋನು ಬೆಳಗಿತು.

"ಪುಟ್ಟೀ, ಏನಾದ್ರೂ ತಿಂದ್ಯಾ?"

"ತಿಂದೆ ಅಮ್ಮ. ನೀನು?" ಎಂದು ಹುಡುಗಿ ಬರೆದಳು. ಅವಳು ತಿಂದಿರಲಿಲ್ಲ. ಬರೆದವರು ಅವಳ ಅಮ್ಮನೂ ಅಲ್ಲ.

ಈ ಏಳು ಫೋನಿನ ಸಂಸಾರ ಅವಳ ಕೊರಳಿಗೆ ಬಿದ್ದದ್ದು ಹೀಗೆ. ಹಿಂದಿನ ವರ್ಷ ಕಾಲೇಜಿನವರು ಹಾಜರಿ ಪುಸ್ತಕ ಕಟ್ಟಿಟ್ಟು ಆ್ಯಪ್ ತಂದರು. ಮೇಷ್ಟ್ರು ಬರೆಯುವ ನಂಬರನ್ನು ಆ ಕೋಣೆಯಲ್ಲೇ ಕೂತು, ಎರಡು ನಿಮಿಷದೊಳಗೆ, ಕಾಲೇಜಿಗೆ ಸೇರುವಾಗ ಕೊಟ್ಟ ನಂಬರಿನ ಫೋನಿನಿಂದಲೇ ಒತ್ತಬೇಕು. ಇನ್ನು ಹೇಗೆ ತಪ್ಪಿಸಿಕೊಳ್ಳುತ್ತಾರೋ ನೋಡೋಣ ಎಂದು ಪ್ರಿನ್ಸಿಪಾಲರು ಮೈಕಿನಲ್ಲೇ ಹೇಳಿದ್ದರು. ಆದರೆ ತರಗತಿಯಲ್ಲಿ ಏಳು ಹುಡುಗಿಯರ ಒಂದು ಗುಂಪಿತ್ತು, ಕಾಲೇಜು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವ ಮಕ್ಕಳು. ಮನೆಯಲ್ಲಿ ಹಟ ಹಿಡಿದೋ ಅತ್ತೋ ಯಾವುದೋ ನೆಪದಲ್ಲಿ ದುಡ್ಡು ಗಿಟ್ಟಿಸಿ, ಮನೆಗೆ ಹೇಳದೆ ಒಂದು ಹೊಸ ಫೋನು, ಹೊಸ ನಂಬರು ಮಾಡಿಕೊಂಡರು. ಹಳೇ ಫೋನು ಕಾಲೇಜಿಗೆ, ಹೊಸ ಫೋನು ಬದುಕಿಗೆ. ಮನೆಯವರಿಗೆ ಗೊತ್ತಿದ್ದದ್ದು ಹಳೇ ನಂಬರೇ. ಮಗಳು ಎಲ್ಲಿದ್ದಾಳೆಂದು ನಕ್ಷೆಯ ಮೇಲೆ ಚುಕ್ಕಿಯಾಗಿ ತೋರಿಸುವ ಏರ್ಪಾಡನ್ನು ತಾಯಂದಿರು ಮಾಡಿಕೊಂಡಿದ್ದದ್ದೂ ಅದರಲ್ಲೇ. ಹೀಗಾಗಿ ಹಳೇ ಫೋನನ್ನು ಯಾರಾದರೂ ತರಗತಿಯಲ್ಲಿ ಕೂರಿಸಿಕೊಂಡರೆ ಕಾಲೇಜಿಗೂ ಸಮಾಧಾನ, ಮನೆಗೂ ಸಮಾಧಾನ.

ಕೂರಿಸಿಕೊಳ್ಳಲು ಒಬ್ಬಳು ಬೇಕಿತ್ತು. ಒಂದು ದಿನವೂ ತಪ್ಪಿಸದವಳು, ಬೇರೆಲ್ಲೂ ಹೋಗಲು ಜಾಗ ಇಲ್ಲದವಳು. ಈ ಹುಡುಗಿ ಮೊದಲ ವರ್ಷವೆಲ್ಲ ಒಬ್ಬಳೇ ಲೈಬ್ರರಿ ಹಿಂದಿನ ಮೆಟ್ಟಿಲ ಮೇಲೆ ಕೂತು ಊಟ ಮಾಡಿದವಳು. ಏಳು ಜನರ ಆ ಗುಂಪು ಒಂದು ದಿನ ಬಂದು ಅವಳ ಅಕ್ಕಪಕ್ಕ ಕೂತಾಗ, ಹಿಂದೆ ಯಾರೋ ಬಂದಿರಬೇಕೆಂದು ತಿರುಗಿ ನೋಡಿದಳು. ಆ ಸಂಜೆಯೇ ಅವಳನ್ನು ಗುಂಪಿನ ವಾಟ್ಸಾಪಿಗೆ ಸೇರಿಸಿದರು. ಅಡ್ಡಹೆಸರೂ ಸಿಕ್ಕಿತು. ಬ್ಯಾಗಿನ ತುಂಬ ಮೊಬೈಲು ಇರುವವಳು ಮೊಬೈಲ್ ಅಂಗಡಿ, ಆಮೇಲೆ ಬರೀ ಅಂಗಡಿ. "ಏ ಅಂಗಡಿ, ಬಾಗಿಲು ತೆಗೀ" ಎಂದು ಬೆಳಿಗ್ಗೆ ಸೈಕಲ್ ಸ್ಟ್ಯಾಂಡಿನ ಬಳಿ ಫೋನು ಕೊಡುವರು. "ಬಾಗಿಲು ಹಾಕು" ಎಂದು ನಾಲ್ಕು ಗಂಟೆಗೆ ಲೈಬ್ರರಿ ಮೆಟ್ಟಿಲ ಹತ್ತಿರ ವಾಪಸು ತೆಗೆದುಕೊಳ್ಳುವರು. ಹೆಸರಿಲ್ಲದೆ ಇರುವುದಕ್ಕಿಂತ ಅಡ್ಡಹೆಸರು ಇರುವುದು ವಾಸಿ ಎಂದು ಅವಳಿಗೆ ಆಗ ಅನ್ನಿಸಿತ್ತು.

ಗುಂಪು ವಾರಕ್ಕೊಂದು ವಿಡಿಯೋ ಮಾಡಿ ಹಾಕುತ್ತಿತ್ತು. ಎಂಟು ಸಾವಿರ ಜನ ಅವರನ್ನು ಫಾಲೋ ಮಾಡುತ್ತಿದ್ದರಂತೆ. ಸಂಜೆಯ ವಿಡಿಯೋಗಳನ್ನು ತೆಗೆಯುವ ಕೆಲಸ ಅಂಗಡಿಯದು. "ನಿನ್ನ ಕೈ ನಡುಗಲ್ಲ ಕಣೇ" ಎಂದು ಅವರು ಹೊಗಳಿದಾಗ ಅವಳಿಗೆ ಖುಷಿಯಾಗುತ್ತಿತ್ತು. ಎಂಟು ಸಾವಿರ ಜನರಲ್ಲಿ ಒಬ್ಬರೂ ಅವಳ ಮುಖ ನೋಡಿರಲಿಲ್ಲ. ಎಲ್ಲರೂ ಸೇರಿ ಒಂದು ದಿನ ಅಣೆಕಟ್ಟಿಗೆ ಹೋಗೋಣ, ಆಗ ನಿನ್ನನ್ನ ನಡುವೆ ನಿಲ್ಲಿಸ್ತೀವಿ, ಫೋನನ್ನ ಕಲ್ಲಿಗೆ ಒರಗಿಸಿ ಇಟ್ಟರಾಯಿತು ಎಂದು ಅವರು ಮಾತು ಕೊಟ್ಟಿದ್ದರು.

ಫೋನು ಹೊರುವುದಕ್ಕೆ ನಿಯಮವಿತ್ತು. ಮನೆಯಿಂದ ಕರೆ ಬಂದರೆ ಎತ್ತಬಾರದು. ಮೆಸೇಜು ಬಂದರೆ "ಕ್ಲಾಸಲ್ಲಿದ್ದೀನಿ, ಆಮೇಲೆ ಮಾಡ್ತೀನಿ" ಎಂದಷ್ಟೇ ಬರೆಯಬೇಕು. ಹೀಗೆ ಏಳು ಮನೆಯ ತಾಯಂದಿರು ಅವಳಿಗೆ ಪರಿಚಯವಾದರು. ಒಬ್ಬರು ದಿನವೂ ದೇವರ ಚಿತ್ರ ಕಳಿಸುತ್ತಿದ್ದರು. ಒಬ್ಬರಿಗೆ ಮಗಳ ಮೇಲೆ ಕಣ್ಣಿಡುವುದೇ ಕಸುಬು. ಇನ್ನೊಬ್ಬರು ಬರೀ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಬಿಡುತ್ತಿದ್ದರು. ಆದರೆ ಬೆಕ್ಕಿನ ಫೋನಿನ ತಾಯಿಯೇ ಬೇರೆ.

ಬೆಕ್ಕಿನ ಫೋನು ಗುಂಗುರು ಕೂದಲಿನವಳದು. ಗುಂಪಿನ ಯಜಮಾನಿಕೆಯೂ ಅವಳದೇ, ಎಲ್ಲರೂ ಅವಳನ್ನು ಗುಂಗುರು ಎಂದೇ ಕರೆಯುತ್ತಿದ್ದರು. ಅವಳ ಅಮ್ಮ ದೊಡ್ಡಾಸ್ಪತ್ರೆಯಲ್ಲಿ ಹೊರರೋಗಿಗಳಿಗೆ ಚೀಟಿ ಬರೆದುಕೊಡುವ ಮೂರನೇ ಕೌಂಟರಿನವರು. ಬೆಳಗಿನ ಸಾಲು ಕರಗಿದ ಮೇಲೆ ಮಗಳಿಗೆ ಮೆಸೇಜು ಬರೆಯುವರು. ಒಂದು ದಿನ ಬರೆದರು: "ಇವತ್ತು ಒಬ್ಬ ಅಜ್ಜ ಬಂದಿದ್ರು. ವಯಸ್ಸೆಷ್ಟು ಅಂದೆ. ನೀವೇ ನೋಡಿ ಹಾಕ್ಕೊಳಿ ಅಂದ್ರು. ಎಂಬತ್ತು ಅಂತ ಬರೆದೆ. ಅರವತ್ತೆಂಟಂತೆ! ಬೈದು ಬೈದು ಹೋದ್ರು." ಹುಡುಗಿ ಓದಿ ಕಿಸಕ್ಕನೆ ನಕ್ಕುಬಿಟ್ಟಳು. "ಏನಮ್ಮಾ, ಯುದ್ಧದಲ್ಲಿ ಹತ್ತು ಸಾವಿರ ಜನ ಸತ್ತದ್ದು ತಮಾಷೆಯಾ?" ಎಂದು ಮೇಷ್ಟ್ರು ಕೇಳಿದರು. ಅಂದು ಅವಳು ನಿಯಮ ಮೀರಿದಳು. "ಪಾಪ ಅಮ್ಮ, ಮುಂದಿನ ಸಲ ಹದಿನೆಂಟು ಅಂತ ಬರಿ, ಹರಸಿ ಹೋಗ್ತಾರೆ" ಎಂದು ಬರೆದಳು. ಆಚೆಯಿಂದ ಒಂದರ ಹಿಂದೊಂದು ನಗುವ ಮುಖಗಳು ಬಂದವು. ಆಮೇಲೆ: "ಎಷ್ಟು ದಿನ ಆಗಿತ್ತು ಪುಟ್ಟಿ, ನೀನು ಹೀಗೆ ಮಾತಾಡಿ."

ನಾಲ್ಕು ಗಂಟೆಗೆ ಗುಂಗುರು ಫೋನು ತೆರೆದು ನೋಡಿದಳು. 

"ಏನೇ ಇದು? ನಮ್ಮಮ್ಮನ ಜೊತೆ ಹರಟೆ ಹೊಡೀತಿದ್ದೀಯಾ?"

"ಸಾರಿ ಕಣೇ. ನಗು ಬಂತು, ಬರೆದುಬಿಟ್ಟೆ."

ಗುಂಗುರು ಇನ್ನೊಮ್ಮೆ ಓದಿದಳು. ಭುಜ ಕುಣಿಸಿದಳು. "ಒಳ್ಳೇದೇ ಆಯ್ತು ಬಿಡು. ಅವಳಿಗೂ ಯಾರಾದ್ರೂ ಬೇಕು. ನಂಗೆ ತಲೆನೋವು ತಪ್ತು. ಇವತ್ತಿಂದ ನಮ್ಮಮ್ಮನ್ನ ನಿಂಗೇ ಗುತ್ತಿಗೆ ಕೊಟ್ಟೆ, ನೋಡ್ಕೋ."

ಏಳೂ ಜನ ಹೊಟ್ಟೆ ಹಿಡಿದು ನಕ್ಕರು. ಹುಡುಗಿಯೂ ನಕ್ಕಳು. ನಗುತ್ತಲೇ ಆ ಗುತ್ತಿಗೆಯನ್ನು ಒಳಗೆ ಭದ್ರವಾಗಿ ಇಟ್ಟುಕೊಂಡಳು.

ಅವಳಿಗೆ ಅಮ್ಮ ಇರಲಿಲ್ಲವೆಂದಲ್ಲ. ಅವಳ ಅಮ್ಮ ದೂರದ ಊರಿನಲ್ಲಿ ಯಾರದೋ ಮನೆಯ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಭಾನುವಾರ ಮಧ್ಯಾಹ್ನ ಮುದುಕಿ ಕಣ್ಣು ಮುಚ್ಚಿದಾಗ ಫೋನು ಮಾಡುವಳು. "ಹುಷಾರಾಗಿದ್ದೀಯಾ? ಚಿಕ್ಕಮ್ಮನಿಗೆ ಎದುರು ಮಾತಾಡಬೇಡ. ಅಯ್ಯೋ, ಎದ್ರು ಅನ್ಸುತ್ತೆ, ಇಡ್ತೀನಿ." ಹುಡುಗಿ ಇದ್ದದ್ದು ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಮ್ಮ ಕೆಟ್ಟವಳಲ್ಲ. ತನ್ನ ಎರಡು ಮಕ್ಕಳು, ಹೊಲಿಗೆ ಮೆಷಿನ್ನು, ಗಂಡನ ಮುಂಗೋಪ ಇವುಗಳ ನಡುವೆ ಅಕ್ಕನ ಮಗಳ ತಟ್ಟೆಗೆ ಬಡಿಸಲು ಅವಳು ಒಂದು ದಿನವೂ ಮರೆತಿರಲಿಲ್ಲ. ತಿಂದ್ಯಾ ಎಂದು ಕೇಳಲು ಪುರುಸೊತ್ತಿರಲಿಲ್ಲ, ಅಷ್ಟೇ.

ಹಾಗಾಗಿ ಮೂರು ತಿಂಗಳು ಹುಡುಗಿ ಆ ಕೌಂಟರಿನ ಅಮ್ಮನ ಮಗಳಾಗಿ ಹಗಲು ಕಳೆದಳು. ಮೇಷ್ಟ್ರ ಆತ್ಮದ ಜೋಕನ್ನು ಬರೆದು ಕಳಿಸಿದಳು. ಅವರ ಮಂಡಿನೋವಿಗೆ ಕಾಲ ಕೆಳಗೆ ಒಂದು ಪೆಟ್ಟಿಗೆ ಇಟ್ಟುಕೊಳ್ಳಲು ಹೇಳಿದಳು. ಅವರು ಇಟ್ಟುಕೊಂಡು, ಫೋಟೋ ತೆಗೆದು ಕಳಿಸಿದರು. ಒಂದು ದಿನ "ಮೈ ಬಿಸಿ ಇದೆ ಪುಟ್ಟಿ" ಎಂದು ಬಂತು. "ಮಧ್ಯಾಹ್ನ ರಜೆ ಹಾಕಿ ಮಲ್ಕೋ ಅಮ್ಮ. ಸಂಜೆ ಅಡುಗೆ ನಾನು ಮಾಡ್ತೀನಿ, ನೀನು ಏಳಬೇಡ" ಎಂದು ಬರೆದಳು. ಸಂಜೆ ಗುಂಗುರುವಿಗೆ ವಿಷಯ ಮುಟ್ಟಿಸಿದಳು.

"ನಿಮ್ಮಮ್ಮಂಗೆ ಜ್ವರ ಕಣೇ. ಇವತ್ತು ಅಡುಗೆ ನೀನು ಮಾಡ್ತೀಯ ಅಂತ ಹೇಳಿದ್ದೀನಿ."

"ಹೇಳಿದ್ದು ನೀನು. ನೀನೇ ಹೋಗಿ ಮಾಡು."

ಮರುದಿನ ಬೆಳಿಗ್ಗೆ ಮೆಸೇಜು ಬಂತು. "ನಿನ್ನೆ ಮರೆತುಬಿಟ್ಟೆ ಅಲ್ವಾ? ಪರವಾಗಿಲ್ಲ. ಮಾಡಬೇಕು ಅಂತ ಅನ್ನಿಸ್ತಲ್ಲ, ನಂಗೆ ಅಷ್ಟೇ ಸಾಕು." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು: "ಮೆಸೇಜಲ್ಲಿ ಇಷ್ಟು ಚೆನ್ನಾಗಿ ಮಾತಾಡ್ತೀಯ. ಮನೇಲಿ ಯಾಕೆ ತುಟಿ ಬಿಚ್ಚಲ್ಲ? ಈಗಿನ ಮಕ್ಕಳೇ ಹಾಗಂತೆ, ಪಕ್ಕದ ಕೌಂಟರಿನವರು ಅಂದ್ರು. ಇರ್ಲಿ, ಎಲ್ಲಾದ್ರೂ ಒಂದು ಕಡೆ ಮಾತಾಡ್ತೀಯಲ್ಲ."  ತಾನು ಮಾಡುತ್ತಿರುವುದು ಮೋಸ ಎಂದು ಆ ದಿನ ಹುಡುಗಿಗೆ ಸ್ಪಷ್ಟವಾಗಿ ಹೊಳೆಯಿತು. ಬಿಡಲು ಮನಸ್ಸಾಗಲಿಲ್ಲ. ಹಸಿದವಳ ಮುಂದೆ ಬೇರೆಯವರ ತಟ್ಟೆ ಇಟ್ಟು, ಮುಟ್ಟಬೇಡ ಎಂದರೆ ಎಷ್ಟು ದಿನ ಮುಟ್ಟದೆ ಇದ್ದಾಳು?

ಅಣೆಕಟ್ಟಿನ ದಿನ ಬಂತು. ಎಲ್ಲರೂ ನೀಲಿ ಬಟ್ಟೆ ಹಾಕಬೇಕೆಂದು ತೀರ್ಮಾನವಾಗಿತ್ತು. ಹುಡುಗಿಯ ಹತ್ತಿರ ನೀಲಿ ಇರಲಿಲ್ಲ. ಚಿಕ್ಕಮ್ಮ ತನ್ನದೇ ಒಂದು ಹಳೆಯದನ್ನು ಬಿಚ್ಚಿ, ಸೊಂಟ ಹಿಡಿದು, ತೋಳು ಗಿಡ್ಡ ಮಾಡಿ ಹೊಲಿದುಕೊಟ್ಟಳು. ಹೊರಡುವ ಹಿಂದಿನ ಸಂಜೆ ಗುಂಪಿನಲ್ಲಿ ಗುಂಗುರು ಬರೆದಳು: "ಅಂಗಡಿ, ಸಾರಿ ಕಣೇ. ನೀನು ಬಂದ್ರೆ ಫೋನು ಯಾರು ನೋಡ್ಕೋತಾರೆ? ನಾಳೆ ಐದು ಕ್ಲಾಸ್ ಇದೆ. ಮುಂದಿನ ಸಲ ಪಕ್ಕಾ." ಕೆಳಗೆ ಆರು ಜನರ ಆರು ಅಳುವ ಮುಖಗಳು. ತಿಂಗಳಿಂದ ಯೋಜನೆ ಹಾಕಿದ ಏಳು ತಲೆಗಳಿಗೂ ಈ ಸಂಗತಿ ಹಿಂದಿನ ಸಂಜೆಯೇ ಹೊಳೆಯಿತು, ಒಟ್ಟಿಗೆ.

ಹುಡುಗಿ ಮರುದಿನ ನೀಲಿ ಬಟ್ಟೆಯನ್ನೇ ಹಾಕಿಕೊಂಡು ಕಾಲೇಜಿಗೆ ಬಂದಳು. ಹಾಕಿಕೊಳ್ಳದಿದ್ದರೆ ಚಿಕ್ಕಮ್ಮ ಯಾಕೆಂದು ಕೇಳುತ್ತಿದ್ದಳು. ಬೆಳಗಿನ ಮೂರು ತರಗತಿಯಲ್ಲಿ ಏಳು ಮೂರಲ ಇಪ್ಪತ್ತೊಂದು ಸಲ ನಂಬರು ಒತ್ತಿದಳು. ನಡುನಡುವೆ ಅವಳ ಸ್ವಂತ ಫೋನಿಗೆ ಗುಂಪಿನ ಫೋಟೋಗಳು ಬಂದು ಬೀಳುತ್ತಿದ್ದವು. ನೀರಿನ ಮುಂದೆ ಏಳು ನೀಲಿ. ಬಂಡೆಯ ಮೇಲೆ ಏಳು ನೀಲಿ. ಫೋನನ್ನು ಕಲ್ಲಿಗೆ ಒರಗಿಸಿಯೇ ತೆಗೆದಿದ್ದರು. ಕಲ್ಲು ಸಾಕಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಲೈಬ್ರರಿ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಾಗ ಬೆಕ್ಕಿನ ಫೋನು ಬೆಳಗಿತು. "ಪುಟ್ಟೀ, ತಿಂದ್ಯಾ?"

ಅಂದು ಹುಡುಗಿ ತಾನು ಯಾರೆಂಬುದನ್ನು ಮರೆತಳು. ಅಥವಾ ಮೂರು ತಿಂಗಳಲ್ಲಿ ಮೊದಲ ಸಲ ನೆನಪು ಮಾಡಿಕೊಂಡಳು. ಬೆರಳು ತಾನಾಗಿ ಬರೆಯಿತು: "ಇಲ್ಲ ಅಮ್ಮ. ತಲೆ ಸಿಡೀತಿದೆ. ಫ್ರೆಂಡ್ಸೆಲ್ಲ ನನ್ನ ಬಿಟ್ಟು ಹೋದ್ರು. ಇಲ್ಲಿ ಒಬ್ಬಳೇ ಕೂತಿದ್ದೀನಿ. ಅಳು ಬರ್ತಿದೆ."

ಉತ್ತರ ಬರಲಿಲ್ಲ. ಸಾಲು ಬಂದಿರಬೇಕು ಎಂದುಕೊಂಡಳು.

ಮುಕ್ಕಾಲು ಗಂಟೆ ಕಳೆದಿರಬಹುದು. ಲೈಬ್ರರಿಯ ಮೂಲೆ ತಿರುಗಿ ಒಬ್ಬ ಹೆಂಗಸು ಬಂದರು. ಐವತ್ತರ ಹತ್ತಿರದವರು, ಒಂದು ಕಾಲನ್ನು ತುಸು ಎಳೆಯುತ್ತಿದ್ದರು. ಕತ್ತಿನಲ್ಲಿ ಆಸ್ಪತ್ರೆಯ ಗುರುತಿನ ಚೀಟಿ, ಒಂದು ಕೈಯಲ್ಲಿ ಸ್ಟೀಲಿನ ಡಬ್ಬಿ, ಇನ್ನೊಂದರಲ್ಲಿ ಫೋನು. ಫೋನನ್ನು ಮುಖಕ್ಕೆ ಹತ್ತಿರ ಹಿಡಿದು, ನಾಲ್ಕು ಹೆಜ್ಜೆ ಮುಂದೆ ಹೋಗಿ, ತಲೆಯಲ್ಲಾಡಿಸಿ, ಎರಡು ಹೆಜ್ಜೆ ಹಿಂದೆ ಬಂದರು. ಮೆಟ್ಟಿಲ ಮೇಲಿದ್ದ ಹುಡುಗಿಯನ್ನು ನೋಡಿ ಅಲ್ಲಿ ಬೇರೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡರು. ಆ ಕಾಲನ್ನು, ಆ ಕೈಬಳೆಯನ್ನು ಹುಡುಗಿ ಪೆಟ್ಟಿಗೆಯ ಫೋಟೋದಲ್ಲಿ ನೋಡಿದ್ದಳು. 

"ಇಲ್ಲೊಬ್ಬಳು ಹುಡುಗಿ ಕೂತಿದ್ಲಾಮ್ಮ? ಗುಂಗುರು ಕೂದಲು..." ಎನ್ನುತ್ತಾ ಅವರು ಕರೆ ಒತ್ತಿದರು. ಹುಡುಗಿಯ ಬ್ಯಾಗು ಹಾಡಿತು.

ಅವರು ಕಿವಿಯಿಂದ ಫೋನು ತೆಗೆದು ಬ್ಯಾಗನ್ನು ನೋಡಿದರು. ಹಾಡು ಮುಗಿಯುವವರೆಗೂ ನೋಡಿದರು.

"ಆಂಟಿ, ಅವಳಿಗೇನೂ ಆಗಿಲ್ಲ. ಚೆನ್ನಾಗಿದ್ದಾಳೆ."

"ಎಲ್ಲಿದ್ದಾಳೆ?"

ಹುಡುಗಿ ಬ್ಯಾಗಿನ ಜಿಪ್ಪು ಹಿಡಿದು ನೆಲ ನೋಡಿದಳು.  "ಬದುಕಿದ್ದಾಳಾ, ಅಷ್ಟಾದ್ರೂ ಹೇಳು ತಾಯಿ" ಎಂದು ಹೆಂಗಸು ಕೇಳಿದಾಗ ಹುಡುಗಿಗೆ ತಡೆಯಲಾಗಲಿಲ್ಲ. ತನ್ನ ಫೋನು ತೆರೆದು ಹತ್ತು ನಿಮಿಷದ ಹಿಂದೆ ಬಂದಿದ್ದ ಫೋಟೋ ತೋರಿಸಿದಳು. ನೀರಿನ ಹನಿ ಕೂದಲಲ್ಲಿ ಸಿಕ್ಕಿಕೊಂಡು ಗುಂಗುರು ಬಾಯ್ತುಂಬ ನಗುತ್ತಿದ್ದಳು.

ಅವರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಚಿತ್ರವನ್ನು ಎರಡು ಬೆರಳಿಂದ ದೊಡ್ಡದು ಮಾಡಿದರು. "ಇವಳು ಹೀಗೆ ನಕ್ಕಿದ್ದು ನೋಡಿ ಎರಡು ವರ್ಷ ಆಯ್ತು" ಎಂದರು, ಯಾರಿಗೂ ಅಲ್ಲದ ಹಾಗೆ. ಆಮೇಲೆ ತಮ್ಮ ಫೋನಿನಲ್ಲಿ ಮೆಸೇಜುಗಳನ್ನು ತೆಗೆದು, ಮೇಲಕ್ಕೆ ಸರಿಸಿ, ಹುಡುಗಿಯ ಮುಂದೆ ಹಿಡಿದರು.

"ಹದಿನೆಂಟು ಅಂತ ಬರಿ, ಹರಸಿ ಹೋಗ್ತಾರೆ. ಇದು ನೀನಾ?"

"ಹೂಂ."

"ಕಾಲ ಕೆಳಗೆ ಪೆಟ್ಟಿಗೆ ಇಟ್ಕೋ ಅಂದಿದ್ದು?"

"ಹೂಂ ಆಂಟಿ."

"ಜ್ವರ ಬಂದ ದಿನ... ಅಡುಗೆ ನಾನು ಮಾಡ್ತೀನಿ..." ಅವರ ದನಿ ಅಲ್ಲಿ ಒಡೆಯಿತು. ಹುಡುಗಿ ತಲೆಯಾಡಿಸಿದಳು. ಅವರು ಇನ್ನೂ ಸರಿಸಿದರು. ಒಂದು ಕಡೆ ನಿಂತರು. "ಇದು? 'ಆಯ್ತು ಬಿಡು, ಸುಮ್ನೆ ತಲೆ ತಿನ್ಬೇಡ.' ಇದೂ ನೀನೇನಾ?"

"ಅಲ್ಲ," ಎಂದಳು ಹುಡುಗಿ. "ಅದು ಅವಳು."

 ಸೈಕಲ್ ಸ್ಟ್ಯಾಂಡಿನಲ್ಲಿ ಯಾರೋ ಬೆಲ್ಲು ಬಾರಿಸಿ ನಗುತ್ತಿದ್ದರು. ಎರಡು ಗಂಟೆಯ ತರಗತಿಗೆ ಗಂಟೆ ಹೊಡೆಯಿತು, ಹುಡುಗಿ ಏಳಲಿಲ್ಲ. ಹೆಂಗಸಿನ ಮಡಿಲಲ್ಲಿ ಬಿದ್ದಿದ್ದ ಫೋನಿನಲ್ಲಿ ನಕ್ಷೆ ತೆರೆದೇ ಇತ್ತು. ತಾಯಿಯ ಚುಕ್ಕಿ, ಮಗಳ ಚುಕ್ಕಿ ಒಂದರ ಮೇಲೊಂದು ಕೂತಿದ್ದವು.

"ನಿನಗೆ ಅಮ್ಮ ಇಲ್ವಾ?" ಎಂದು ಕೊನೆಗೆ ಕೇಳಿದರು.

"ಇದ್ದಾರೆ."

"ಇದ್ದಾರಲ್ಲ, ಮತ್ತೆ ನನ್ನವಳ ಜಾಗದಲ್ಲಿ ಯಾಕೆ ಬಂದು ಕೂತೆ? ನಾನು ಎಂಥ ಪೆದ್ದಿ. ನನ್ನ ಮಗಳು ಹೀಗೆ ಬರೀತಾಳೆ ಅಂತ ಆಸ್ಪತ್ರೆಯೋರಿಗೆಲ್ಲ ಓದಿ ಹೇಳಿದ್ದೀನಿ."

  ಹುಡುಗಿ ಬೆಕ್ಕಿನ ಫೋನು ತೆಗೆದು ಅವರ ಪಕ್ಕ ಇಟ್ಟಳು. ಅವರು ಅದನ್ನು ಮುಟ್ಟಲಿಲ್ಲ.

"ತಲೆ ಸಿಡೀತಿದೆ ಅಂದಿದ್ದು? ಅದಾದ್ರೂ ನಿಜಾನಾ, ಅದೂ ಕತೆಯಾ?"

"ನಿಜ."

ಅವರು ಕೈಚೀಲದಿಂದ ಮಾತ್ರೆಯ ಹಾಳೆ ತೆಗೆದು ಒಂದನ್ನು ಒತ್ತಿ ಅವಳ ಅಂಗೈಗೆ ಹಾಕಿದರು. ಆಮೇಲೆ, ಕೋಪದಲ್ಲೇ, ಡಬ್ಬಿಯನ್ನು ಅವಳ ಕಡೆ ತಳ್ಳಿದರು. "ಖಾಲಿ ಹೊಟ್ಟೇಲಿ ನುಂಗಬೇಡ. ಎರಡು ತುತ್ತು ತಿಂದು ನುಂಗು." ಹುಡುಗಿ ತಿಂದಳು. ಊಟ ಇನ್ನೂ ಬೆಚ್ಚಗಿತ್ತು. ಅವಳು ತಿನ್ನುವುದನ್ನು ಅವರು ನೋಡಲಿಲ್ಲ, ಎದ್ದೂ ಹೋಗಲಿಲ್ಲ.

ಮೂರೂವರೆಗೆ ಏಳು ನೀಲಿಗಳು ಮೂಲೆ ತಿರುಗಿ ಬಂದವು. ಮುಂದಿದ್ದ ಒಬ್ಬಳು ವಿಡಿಯೋ ತೆಗೆಯುತ್ತಾ ಹಿಮ್ಮುಖವಾಗಿ ನಡೆಯುತ್ತಿದ್ದಳು. ದಿನ ಹೇಗೆ ಮುಗಿಯಿತೆಂದು ಎಂಟು ಸಾವಿರ ಜನರಿಗೆ ಹೇಳಬೇಕಲ್ಲ. "ಏ ಅಂಗಡಿ, ಬಾಗಿಲು..." ಎಂದ ಗುಂಗುರು ಅಮ್ಮನನ್ನು ನೋಡಿ ನಿಂತಳು. ಅಮ್ಮನ ಪಕ್ಕ ಬೆಕ್ಕಿನ ಫೋನು ನೋಡಿದಳು. ಫೋನು ಹಿಡಿದಿದ್ದವಳು ತಿರುಗಿ, ಏನೋ ಸ್ವಾರಸ್ಯ ಇದೆಯೆಂದು ಕೈಯನ್ನು ಇನ್ನೂ ಎತ್ತರಿಸಿದಳು.

ಗುಂಗುರುವಿನ ಮುಖದಲ್ಲಿ ಭಯ ಬಂದದ್ದೂ ಹೋದದ್ದೂ ಒಂದು ಗಳಿಗೆಯಲ್ಲಿ. "ಅಮ್ಮಾ! ಸಿಕ್ತಾ ನನ್ನ ಫೋನು? ಬೆಳಿಗ್ಗೆಯಿಂದ ಹುಡುಕ್ತಾ ಇದ್ದೀನಿ. ಇವಳ ಹತ್ರ ಇತ್ತಾ? ನನ್ನ ಬ್ಯಾಗಿಂದ ಇವಳೇ ಎತ್ಕೊಂಡಿದ್ದಾ?"

ಉಳಿದ ಆರು ಜನ ನೆಲ ನೋಡಿದರು. ಹುಡುಗಿ ಗುಂಗುರುವನ್ನು ನೋಡಲಿಲ್ಲ, ಅವಳ ಅಮ್ಮನನ್ನು ನೋಡಿದಳು. ಇಡೀ ಊರು ಏನಾದರೂ ಅನ್ನಲಿ, ಈ ಒಬ್ಬರಿಗೆ ಗೊತ್ತಿದೆ. ಒಂದು ಮಾತು ಹೇಳಿದರೆ ಸಾಕು. ಅವಳ ಕೈಯಲ್ಲಿ ಅವರದೇ ಡಬ್ಬಿ ಇತ್ತು.

ಅವರು ನಿಧಾನವಾಗಿ ಎದ್ದರು. ಮಗಳ ಕೂದಲು ಇನ್ನೂ ಒದ್ದೆಯಿತ್ತು. ಅದನ್ನು ನೋಡಿದರು. ಎತ್ತಿ ಹಿಡಿದ ಫೋನನ್ನು ನೋಡಿದರು, ಅದರ ಪುಟ್ಟ ಕ್ಯಾಮೆರಾ ಕಣ್ಣನ್ನೂ ನೋಡಿದರು. ದಿನಕ್ಕೆ ಮುನ್ನೂರು ಜನರ ಮುಖ ನೋಡಿ ಚೀಟಿ ಬರೆಯುವ ಹೆಂಗಸಿಗೆ ಅದು ಮಗಳ ಮಾನಕ್ಕೆ ಏನು ಮಾಡಬಲ್ಲದೆಂದು ಯಾರೂ ವಿವರಿಸಬೇಕಿರಲಿಲ್ಲ.  ಆಮೇಲೆ ಹುಡುಗಿಯ ಕಡೆ ತಿರುಗಿದರು.

"ಇನ್ನೊಬ್ಬರ ವಸ್ತು ಮುಟ್ಟಬಾರದಮ್ಮ," ಎಂದರು. "ಅಷ್ಟೂ ಗೊತ್ತಾಗಲ್ವಾ ನಿನಗೆ?"

ದನಿ ಏರಿಸಲಿಲ್ಲ. ಏರಿಸಿದ್ದರೆ ಎಷ್ಟೋ ವಾಸಿಯಿತ್ತು. ಹುಡುಗಿ "ತಪ್ಪಾಯ್ತು ಆಂಟಿ" ಎಂದಳು. ಅವರು ಬೆಕ್ಕಿನ ಫೋನು ಎತ್ತಿಕೊಂಡು, ಮಗಳ ಮುಂಗೈ ಹಿಡಿದು, ಕಾಲೆಳೆಯುತ್ತಾ ಮೂಲೆ ತಿರುಗಿದರು. ತಿರುಗಿ ನೋಡಲಿಲ್ಲ. ಉಳಿದವರು ತಮ್ಮ ತಮ್ಮ ಫೋನುಗಳನ್ನು ತಾವೇ ಬ್ಯಾಗಿಗೆ ಕೈ ಹಾಕಿ ತೆಗೆದುಕೊಂಡು ಹೋದರು. ಡಬ್ಬಿ ಹುಡುಗಿಯ ಕೈಯಲ್ಲೇ ಉಳಿಯಿತು.

ಆರು ಗಂಟೆಯೊಳಗೆ ಅವಳನ್ನು ಗುಂಪಿನಿಂದ ತೆಗೆದರು. ಏಳೂವರೆಗೆ ವಿಡಿಯೋ ತರಗತಿಯ ಎಲ್ಲರ ಫೋನಿಗೂ ಹರಿಯಿತು. ಹನ್ನೆರಡು ಸೆಕೆಂಡು. ಕೆಳಗೆ "ಫೋನ್ ಕಳ್ಳಿ ಸಿಕ್ಕಿಬಿದ್ದಾಗ" ಎಂದು ಬರೆದು, ಹಿಂದೆ ಯಾವುದೋ ತಮಾಷೆಯ ಸಂಗೀತ ಹಾಕಿದ್ದರು. ಹುಡುಗಿ ಒಂದು ಸಲ ನೋಡಿದಳು. ಅವಳು ಸರಿಯಾಗಿ ನಡುವೆ ಇದ್ದಳು, ನೀಲಿ ಬಟ್ಟೆಯಲ್ಲಿ. ಚಿಕ್ಕಮ್ಮ ಹಿಡಿದ ಸೊಂಟ ಚೆನ್ನಾಗಿ ಕೂತಿತ್ತು.

ರಾತ್ರಿ ಪಾತ್ರೆ ತೊಳೆಯುವಾಗ ಚಿಕ್ಕಮ್ಮ ಕೇಳಿದಳು, "ಇದ್ಯಾರ ಡಬ್ಬಿ?"

"ಫ್ರೆಂಡ್ ಮನೇದು. ನಾಳೆ ಕೊಡ್ತೀನಿ."

ಮುಚ್ಚಳದ ಒಳಗೆ ಉಗುರುಬಣ್ಣದಲ್ಲಿ ಮೂರು ಎಂದು ಬರೆದಿತ್ತು, ಕೌಂಟರಿನ ಸಂಖ್ಯೆ. ಹುಡುಗಿ ಅದು ಅಳಿಸಿಹೋಗದ ಹಾಗೆ ಬೆರಳಿನಿಂದ ತೊಳೆದಳು.

ಮರುದಿನ ಏಳು ಜನರೂ ಮೊದಲ ತರಗತಿಗೇ ಬಂದು, ಮುಖ ಊದಿಸಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದರು. ಒಬ್ಬ ತಾಯಿ ಹುಡುಕಿಕೊಂಡು ಬಂದ ಮೇಲೆ ಇನ್ನಾರು ತಾಯಂದಿರು ಬರುವುದು ಎಷ್ಟು ಹೊತ್ತು? ಮೇಷ್ಟ್ರು ಬರುವುದಕ್ಕೆ ಮುಂಚೆ ಹುಡುಗಿ ಎದ್ದು ಹೋಗಿ ಗುಂಗುರುವಿನ ಬೆಂಚಿನ ಮೇಲೆ ಡಬ್ಬಿ ಇಟ್ಟಳು. ಸುತ್ತ ಮಾತು ನಿಂತಿತು. ಯಾರೋ ಸಣ್ಣಗೆ ಆ ತಮಾಷೆಯ ಸಂಗೀತ ಗುನುಗಿದರು.

"ನಿಮ್ಮಮ್ಮಂದು. ಕೊಟ್ಟುಬಿಡು."

ಗುಂಗುರು ಡಬ್ಬಿ ಮುಟ್ಟಲಿಲ್ಲ. ಅವಳ ಕಣ್ಣು ಕೆಂಪಗಿತ್ತು, ರಾತ್ರಿ ನಿದ್ದೆ ಮಾಡಿದ ಹಾಗಿರಲಿಲ್ಲ. "ನಮ್ದಲ್ಲ," ಎಂದಳು. "ನಿನ್ನ ಕೈಲಿದ್ದದ್ದು ನಮ್ಮದಾ ಅಂತ ನಿನ್ನೆ ನಾನೇ ಕೇಳ್ದೆ. ನಮ್ಮನೆ ಡಬ್ಬಿ ಯಾವುದೂ ಕಳೆದಿಲ್ಲ ಅಂದ್ಲು ಅಮ್ಮ."

ಹುಡುಗಿ ಮುಚ್ಚಳ ತೆಗೆದು ಒಳಗಿನ ಕೆಂಪು ಮೂರನ್ನು ತೋರಿಸಲು ಹೋದಳು. ತೋರಿಸಲಿಲ್ಲ. ಡಬ್ಬಿ ಎತ್ತಿಕೊಂಡು ತನ್ನ ಜಾಗಕ್ಕೆ ಬಂದಳು.

ಮೇಷ್ಟ್ರು ಬಂದು ನಾಲ್ಕು ಅಂಕಿ ಬರೆದರು. ಅವಳು ತನ್ನ ಫೋನಿನಲ್ಲಿ ಒತ್ತಿದಳು. ಹಸಿರು ಗುರುತು ಬಂತು. ಗಡಿಯಾರದ ಮುಳ್ಳು ಇನ್ನೂ ಕಾಲು ಸುತ್ತೂ ಸಾಗಿರಲಿಲ್ಲ. ಎರಡು ನಿಮಿಷ ಎಷ್ಟು ಉದ್ದವೆಂದು ಅವಳಿಗೆ ಇಷ್ಟು ದಿನ ಗೊತ್ತೇ ಇರಲಿಲ್ಲ.

"ಮೂವತ್ತು," ಎಂದರು ಮೇಷ್ಟ್ರು, ಪರದೆ ನೋಡಿ. ತಲೆ ಎತ್ತಿ ಬೆರಳಿನಲ್ಲಿ ಎಣಿಸಿದರು. "ಅರೆ, ತಲೆಯೂ ಮೂವತ್ತು! ಇವತ್ತು ಎಲ್ಲ ಆತ್ಮಗಳಿಗೂ ದೇಹ ಸಿಕ್ಕಿದೆ."

ಎಲ್ಲರೂ ನಕ್ಕರು. ಹತ್ತೂವರೆ ದಾಟಿತು. ಆಸ್ಪತ್ರೆಯಲ್ಲಿ ಬೆಳಗಿನ ಸಾಲು ಕರಗುವ ಹೊತ್ತು. ಹುಡುಗಿಯ ಕೈ ತಾನಾಗಿಯೇ ಬೆಂಚಿನ ಕೆಳಗೆ ಇಳಿದು, ಬ್ಯಾಗಿನ ಜಿಪ್ಪು ಅರ್ಧ ಎಳೆದು, ಒಳಗೆ ತಡಕಾಡಿತು. ಫೋನುಗಳಿದ್ದ ಜಾಗದಲ್ಲಿ ಡಬ್ಬಿ ಇತ್ತು. ಮೇಷ್ಟ್ರು ಯುದ್ಧ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಶುರುಮಾಡಿದರು. ಅವಳು ಕೈಯನ್ನು ಅದರ ಮುಚ್ಚಳದ ಮೇಲೇ ಇಟ್ಟುಕೊಂಡು ಕೂತಳು.